ಸರೋವರದ ತಳದಲ್ಲಿ ಹಡಗಿನ ಶೋಧ: ಕಂಡದ್ದೆಲ್ಲ ಗ್ರಿಫನ್ ಅಲ್ಲ

ಸುರಪುರ ಸೀಮೆಯ ಕೆಂಭಾವಿಯ ಹೊಲಗಳಿಗೆ ಕಾಲುವೆಯಲ್ಲಿ ಹರಿದುಬರುವ ನೀರು ನಾರಾಯಣಪುರದ ಬಸವಸಾಗರದ್ದು. ಕೃಷ್ಣಾ ನದಿಗೆ ಅಡ್ಡಲಾಗಿ 1982ರಲ್ಲಿ ಪೂರ್ಣಗೊಂಡ ಈ ಅಣೆಕಟ್ಟೆಯ ಉದ್ದ 10 ಕಿ.ಮೀ.ಗೂ ಹೆಚ್ಚು. ಜಲಾಶಯದ ಗರಿಷ್ಠ ಮಟ್ಟ 492.25 ಮೀಟರ್, ಸಂಗ್ರಹ ಸಾಮರ್ಥ್ಯ ಸುಮಾರು 33 ಟಿಎಂಸಿ ಅಡಿ. ಇಂತಹ ಜಲರಾಶಿಯಲ್ಲಿ ದೋಣಿಯೊಂದು ಮುಳುಗಿದರೆ ಅದನ್ನು ಹುಡುಕುವುದು ಹೇಗೆ? ನೂರಾರು ವರ್ಷಗಳ ಬಳಿಕ ತಳದಲ್ಲಿ ಒಂದು ತೊಲೆ ಕಂಡರೆ, ಅದು ಅದೇ ದೋಣಿಯದು ಎಂದು ಹೇಳುವುದು ಹೇಗೆ?

ಮೊದಲ ಪ್ರಶ್ನೆಗೆ ಇಂದಿನ ತಂತ್ರಜ್ಞಾನವು ಬಹುಮಟ್ಟಿಗೆ ಉತ್ತರ ಕಂಡುಕೊಂಡಿದೆ. ಎರಡನೆಯ ಪ್ರಶ್ನೆ ಇಂದಿಗೂ ಕಠಿಣವಾಗಿಯೇ ಉಳಿದಿದೆ. ಇದಕ್ಕೆ ಅತ್ಯುತ್ತಮ ನಿದರ್ಶನ ಉತ್ತರ ಅಮೆರಿಕದ ಮಹಾಸರೋವರಗಳಲ್ಲಿ 1679ರಲ್ಲಿ ಕಾಣೆಯಾದ ‘ಗ್ರಿಫನ್’ ಎಂಬ ಹಾಯಿಹಡಗು. ಅದರ ಕಥೆ, ಶೋಧದ ವಿಧಾನಗಳು ಮತ್ತು ನಮ್ಮ ನಾಡಿನ ನೀರಿಗೆ ಅವು ಕಲಿಸುವ ಪಾಠ ಈ ಲೇಖನದ ವಸ್ತು.

ಗ್ರಿಫನ್ ಕಾಣೆಯಾದ ಬಗೆ

ಫ್ರೆಂಚ್ ಅನ್ವೇಷಕ ಲಾ ಸಾಲ್ ತುಪ್ಪುಳಿನ ವ್ಯಾಪಾರದಿಂದ ಹಣ ಗಳಿಸಿ, ಮಿಸಿಸಿಪ್ಪಿ ನದಿಯ ಮುಖವನ್ನು ಕಂಡುಹಿಡಿಯುವ ಯೋಜನೆ ಹಾಕಿಕೊಂಡಿದ್ದ. ಇದಕ್ಕಾಗಿ ನಯಾಗರ ಜಲಪಾತದ ಮೇಲ್ಭಾಗದಲ್ಲಿ, ಕಾಡಿನ ನಡುವೆ, ಹಡಗೊಂದನ್ನು ಕಟ್ಟಿಸಿದ. ಸುಮಾರು 45 ಟನ್ನಿನ, 7 ಫಿರಂಗಿಗಳನ್ನು ಹೊತ್ತ ಈ ಹಡಗು 1679ರ ಆಗಸ್ಟ್ 7ರಂದು ಈರಿ ಸರೋವರದಲ್ಲಿ ಪಟ ಬಿಚ್ಚಿತು. ಅದುವರೆಗೆ ಮೂಲನಿವಾಸಿಗಳ ಹಗುರ ದೋಣಿಗಳಷ್ಟೇ ಓಡಾಡುತ್ತಿದ್ದ ಮೇಲಣ ಸರೋವರಗಳಲ್ಲಿ ಸಂಚರಿಸಿದ ಮೊದಲ ದೊಡ್ಡ ಹಾಯಿಹಡಗು ಇದೇ.

ಈರಿ, ಹ್ಯೂರಾನ್ ಸರೋವರಗಳನ್ನು ದಾಟಿದ ಹಡಗು ಮಿಷಿಗನ್ ಸರೋವರದ ಗ್ರೀನ್ ಬೇ ಕೊಲ್ಲಿಯ ಬಾಯಿಯಲ್ಲಿರುವ ದ್ವೀಪವೊಂದನ್ನು ತಲುಪಿತು. ಅಲ್ಲಿ ತುಪ್ಪುಳನ್ನು ತುಂಬಿಕೊಂಡು ಸೆಪ್ಟೆಂಬರ್ 18ರಂದು ನಯಾಗರದತ್ತ ಮರಳಿ ಹೊರಟಿತು. ಸಾಲಗಾರರ ಬಾಕಿ ತೀರಬೇಕಾಗಿದ್ದುದು ಈ ಸರಕಿನಿಂದಲೇ. ಹಡಗಿನಲ್ಲಿದ್ದವರು ಲ್ಯೂಕ್ ಎಂಬ ನಾವಿಕ ಮತ್ತು ಇತರ ಐವರು. ಲಾ ಸಾಲ್ ಮಾತ್ರ ಉಳಿದ ಸಂಗಡಿಗರೊಡನೆ ದೋಣಿಗಳಲ್ಲಿ ದಕ್ಷಿಣಕ್ಕೆ ಸಾಗಿದ. ಅನಂತರ ಆ ಹಡಗನ್ನು ಕಂಡವರಿಲ್ಲ.

ಯಾತ್ರೆಯಲ್ಲಿದ್ದ ಪಾದ್ರಿ ಹೆನೆಪಿನ್ ಬರೆದಿರುವಂತೆ, ಹಡಗು ಹೊರಟ ಸ್ವಲ್ಪದರಲ್ಲಿಯೇ ಸರೋವರದಲ್ಲಿ ಭಾರೀ ಬಿರುಗಾಳಿ ಎದ್ದಿತು. ಲಾ ಸಾಲ್‌ಗೆ ಮಾತ್ರ ಸಿಬ್ಬಂದಿಯ ಮೇಲೆಯೇ ಸಂಶಯ. ಸರಕನ್ನು ಕದ್ದು ಹಡಗನ್ನು ಅವರೇ ಮುಳುಗಿಸಿದರೆಂದು ಆತ ನಂಬಿದ್ದ. ಮೂಲನಿವಾಸಿಗಳು ದಾಳಿ ಮಾಡಿದರೆಂಬ ಮಾತೂ ಇತ್ತು. ಮೂರು ಊಹೆಗಳಲ್ಲಿ ಯಾವುದು ಸರಿ ಎಂಬುದಕ್ಕೆ ಉತ್ತರ ಹೇಳಬಲ್ಲದ್ದು ಹಡಗಿನ ಅವಶೇಷ ಮಾತ್ರ. ಬಿರುಗಾಳಿಗೆ ಸಿಕ್ಕ ಹಡಗಿನಲ್ಲಿ ಸರಕು ಉಳಿದಿರಬೇಕು. ಕಳ್ಳತನವಾಗಿದ್ದರೆ ಅದು ಬರಿದಾಗಿರಬೇಕು. ಆರು ಮಂದಿಯ ಮೇಲೆ ಹೊರಿಸಿದ ಕಳಂಕ ನಿಜವೇ, ಸುಳ್ಳೇ ಎಂಬುದು ಸರೋವರದ ತಳದಲ್ಲಿಯೇ ತೀರ್ಮಾನವಾಗಬೇಕಿದೆ.

ಸಿಹಿನೀರಿನ ಗುಣ

ಮುನ್ನೂರು ವರ್ಷ ಕಳೆದ ಮರದ ಹಡಗು ಉಳಿದಿರಲು ಸಾಧ್ಯವೇ ಎಂಬ ಸಂದೇಹ ಸಹಜ. ಸಮುದ್ರದಲ್ಲಾದರೆ ಉಳಿಯುವುದು ಕಷ್ಟ. ಉಪ್ಪುನೀರಿನಲ್ಲಿ ವಾಸಿಸುವ ಹಡಗುಹುಳು ಮರವನ್ನು ಒಳಗಿನಿಂದ ಕೊರೆದು ಕೆಲವೇ ವರ್ಷಗಳಲ್ಲಿ ಜಾಳಾಗಿಸುತ್ತದೆ. ಸಿಹಿನೀರಿನಲ್ಲಿ ಈ ಜೀವಿ ಬದುಕುವುದಿಲ್ಲ. ಜೊತೆಗೆ ಆಳದ ನೀರು ತಣ್ಣಗಿದ್ದರೆ, ಬೆಳಕು ತಲುಪದಿದ್ದರೆ, ಕೊಳೆಯಿಸುವ ಸೂಕ್ಷ್ಮಜೀವಿಗಳ ಕೆಲಸವೂ ನಿಧಾನವಾಗುತ್ತದೆ.

ಇದಕ್ಕೆ ಪ್ರಬಲ ಸಾಕ್ಷಿ ಬ್ರಿಟಿಷ್ ಯುದ್ಧನೌಕೆ ‘ಒಂಟಾರಿಯೊ’. 1780ರ ಅಕ್ಟೋಬರ್ 31ರಂದು ಒಂಟಾರಿಯೊ ಸರೋವರದ ಬಿರುಗಾಳಿಯಲ್ಲಿ ಈ ನೌಕೆ ಎಲ್ಲರೊಂದಿಗೆ ಮುಳುಗಿತು. ಜಿಮ್ ಕೆನಾರ್ಡ್ ಮತ್ತು ಡ್ಯಾನ್ ಸ್ಕೋವಿಲ್ ಎಂಬ ಶೋಧಕರು 2008ರಲ್ಲಿ ಇದನ್ನು ಪತ್ತೆಹಚ್ಚಿದಾಗ ಅದು ತಳದಲ್ಲಿ ಬಹುತೇಕ ನೆಟ್ಟಗೆ ನಿಂತಿತ್ತು. ಎರಡೂ ಕೂವೆಮರಗಳು ಮುರಿಯದೆ ಮೇಲೆದ್ದಿದ್ದವು. ಹಿಂಭಾಗದ ಕೆಲವು ಕಿಟಕಿಗಳ ಗಾಜು ಸಹ ಹಾಗೆಯೇ ಇತ್ತು. 228 ವರ್ಷ ನೀರಿನಲ್ಲಿದ್ದ ಹಡಗು ಅದು.

ಆದರೆ ಎಲ್ಲ ಅವಶೇಷಗಳಿಗೂ ಈ ಭಾಗ್ಯವಿಲ್ಲ. ಆಳವಿಲ್ಲದ ಕಡೆ ಚಳಿಗಾಲದ ಹಿಮದ ಗಡ್ಡೆಗಳು ಹಡಗನ್ನು ಉಜ್ಜಿ ಪುಡಿಮಾಡುತ್ತವೆ. ಅಲೆಗಳು ಹಲಗೆಗಳನ್ನು ಚದುರಿಸುತ್ತವೆ. 1980ರ ದಶಕದ ಕೊನೆಯ ನಂತರ ಯುರೋಪಿನ ಕಡೆಯ ಹಡಗುಗಳ ನೀರಿನೊಂದಿಗೆ ಬಂದು ನೆಲೆಸಿದ ಸಣ್ಣ ಕಪ್ಪೆಚಿಪ್ಪುಗಳು ಇಂದು ಅವಶೇಷಗಳ ಮೇಲೆ ದಪ್ಪ ಪದರವಾಗಿ ಕೂತಿವೆ. ಇವು ನೀರನ್ನು ಸೋಸಿ ತಿಳಿಯಾಗಿಸುವುದರಿಂದ ಹಡಗುಗಳು ಹೆಚ್ಚು ದೂರದಿಂದ ಕಾಣುತ್ತವೆ. ಅದೇ ಕಾಲಕ್ಕೆ ಕೆತ್ತನೆ, ಮೊಳೆ, ಹೆಸರುಗಳೆಲ್ಲ ಚಿಪ್ಪಿನಡಿ ಮುಚ್ಚಿಹೋಗುತ್ತವೆ. ಶೋಧಕರಿಗೆ ಕಾಲಾವಕಾಶ ಕಡಿಮೆಯಾಗುತ್ತಿದೆ.

ಮೊದಲ ಹುಡುಕಾಟ ಕಾಗದದಲ್ಲಿ

ಶೋಧವೆಂದರೆ ಮುಳುಗುಗಾರರು ನೀರಿಗೆ ಧುಮುಕುವುದೆಂಬ ಕಲ್ಪನೆ ಸಾಮಾನ್ಯ. ವಾಸ್ತವವಾಗಿ ಅದು ಕೊನೆಯ ಹಂತ. ಮೊದಲ ಹಂತ ದಾಖಲೆಗಳ ಪರಿಶೀಲನೆ. ಹಡಗು ಎಂದು, ಎಲ್ಲಿಂದ ಹೊರಟಿತು, ಗಾಳಿ ಯಾವ ದಿಕ್ಕಿನದು, ಕೊನೆಗೆ ಕಂಡವರು ಯಾರು, ದಡಕ್ಕೆ ಯಾವ ವಸ್ತುಗಳು ತೇಲಿಬಂದವು ಎಂಬ ವಿವರಗಳನ್ನು ಪತ್ರ, ದಿನಚರಿ, ನ್ಯಾಯಾಲಯದ ಕಡತ, ಹಳೆಯ ಪತ್ರಿಕೆಗಳಿಂದ ಹೆಕ್ಕಿ ತೆಗೆಯಬೇಕು. ಇವುಗಳ ಆಧಾರದಿಂದ ನಕಾಶೆಯ ಮೇಲೆ ಹುಡುಕಬೇಕಾದ ಪ್ರದೇಶವನ್ನು ಗುರುತಿಸಲಾಗುತ್ತದೆ.

ಮಿಷಿಗನ್ ಸರೋವರದ ವಿಸ್ತೀರ್ಣ ಸುಮಾರು 58,000 ಚದರ ಕಿ.ಮೀ.; ಅತಿ ಹೆಚ್ಚಿನ ಆಳ 281 ಮೀಟರ್. ದಾಖಲೆಗಳಿಲ್ಲದೆ ಇದನ್ನೆಲ್ಲ ಜಾಲಾಡುವುದು ಎಷ್ಟು ಕಷ್ಟವೆಂಬುದು ಮುಂದಿನ ಲೆಕ್ಕದಿಂದ ಸ್ಪಷ್ಟವಾಗುತ್ತದೆ.

ಶಬ್ದದಿಂದ ನೋಡುವ ಯಂತ್ರ

ಆಳದ ನೀರಿನಲ್ಲಿ ಬೆಳಕು ದೂರ ಸಾಗದು, ಶಬ್ದ ಸಾಗುತ್ತದೆ. ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುವ ಶಬ್ದ ನೀರಿನಲ್ಲಿ ಅದರ ನಾಲ್ಕು ಪಟ್ಟಿಗೂ ಹೆಚ್ಚು ವೇಗ ಪಡೆಯುತ್ತದೆ. ಈ ಗುಣವನ್ನು ಬಳಸಿಕೊಳ್ಳುವ ಉಪಕರಣವೇ ಸೈಡ್ ಸ್ಕ್ಯಾನ್ ಸೋನಾರ್. ಮೀನಿನಾಕಾರದ ಈ ಉಪಕರಣವನ್ನು ದೋಣಿಯ ಹಿಂದೆ ತಂತಿಗೆ ಕಟ್ಟಿ, ತಳದಿಂದ ಕೆಲವು ಮೀಟರ್ ಎತ್ತರದಲ್ಲಿ ಎಳೆಯುತ್ತಾರೆ. ಅದು ಎಡಬಲಗಳಿಗೆ ಶಬ್ದದ ಅಲೆಗಳನ್ನು ಹೊರಡಿಸುತ್ತದೆ. ಗಟ್ಟಿ ವಸ್ತುವಿಗೆ ತಾಗಿದ ಅಲೆ ಬಲವಾಗಿ ಮರಳುತ್ತದೆ. ವಸ್ತುವಿನ ಹಿಂದೆ ಶಬ್ದ ತಲುಪದ ಜಾಗ ನೆರಳಿನಂತೆ ಮೂಡುತ್ತದೆ. ಅನುಭವಿಗಳು ವಸ್ತುವಿಗಿಂತ ಮೊದಲು ಈ ನೆರಳನ್ನೇ ಓದುತ್ತಾರೆ. ಕೂವೆಮರ ನಿಂತಿದೆಯೇ, ಹಡಗು ಮಗುಚಿದೆಯೇ ಎಂಬುದು ನೆರಳಿನ ಆಕಾರದಿಂದಲೇ ತಿಳಿಯುತ್ತದೆ.

ಇದರಲ್ಲೊಂದು ಕೊಡುಕೊಳ್ಳುವಿಕೆಯಿದೆ. ಕಡಿಮೆ ಕಂಪನಾಂಕದ ಶಬ್ದ ದೂರ ಹೋಗುತ್ತದೆ, ಆದರೆ ಚಿತ್ರ ಮಬ್ಬು. ಹೆಚ್ಚು ಕಂಪನಾಂಕದ್ದು ಸ್ಪಷ್ಟ ಚಿತ್ರ ನೀಡುತ್ತದೆ, ಆದರೆ ಹತ್ತಿರದ್ದನ್ನು ಮಾತ್ರ. ಹೀಗಾಗಿ ಮೊದಲು ಅಗಲವಾಗಿ ಜಾಲಾಡಿ, ಸಂಶಯ ಬಂದ ಕಡೆ ಹತ್ತಿರದಿಂದ ಮತ್ತೊಮ್ಮೆ ನೋಡುವುದು ರೂಢಿ.

ದೋಣಿಯ ಸಾಗಾಟ ಹೊಲದಲ್ಲಿ ಕೂರಿಗೆ ಹೊಡೆಯುವ ಕ್ರಮವನ್ನೇ ಹೋಲುತ್ತದೆ. ಒಂದು ಸಾಲು ಮುಗಿದೊಡನೆ ತಿರುಗಿ ಪಕ್ಕದ ಸಾಲು ಹಿಡಿಯಬೇಕು. ಎಲ್ಲಿಯೂ ಸಾಲು ತಪ್ಪಬಾರದು. ಉಪಕರಣವು ಎರಡೂ ಬದಿಗೆ ನೂರು ನೂರು ಮೀಟರ್ ನೋಡುತ್ತದೆಂದು ಇಟ್ಟುಕೊಳ್ಳೋಣ. ಯಾವ ಜಾಗವೂ ತಪ್ಪದಂತೆ ಪ್ರತಿ ಸಾಲಿನ ಅರ್ಧ ಭಾಗ ಮತ್ತೊಂದರ ಮೇಲೆ ಬೀಳಬೇಕಾದರೆ ಸಾಲುಗಳ ನಡುವೆ ನೂರು ಮೀಟರ್ ಅಂತರವಿರಬೇಕು. ಹತ್ತು ಕಿ.ಮೀ. ಉದ್ದ, ಹತ್ತು ಕಿ.ಮೀ. ಅಗಲದ ಪ್ರದೇಶಕ್ಕೆ ನೂರು ಸಾಲು. ಅಂದರೆ ಸಾವಿರ ಕಿ.ಮೀ. ಪಯಣ. ಗಂಟೆಗೆ 7 ಕಿ.ಮೀ. ವೇಗದಲ್ಲಿ ದಿನಕ್ಕೆ 8 ಗಂಟೆ ದುಡಿದರೆ ಸುಮಾರು 18 ದಿನ. ಇದೇ ಕ್ರಮದಲ್ಲಿ ಮಿಷಿಗನ್ ಸರೋವರವನ್ನು ಪೂರ್ತಿ ಜಾಲಾಡಲು ಒಂದು ದೋಣಿಗೆ ಒಂದು ದಿನವೂ ಬಿಡುವಿಲ್ಲದೆ 28 ವರ್ಷ ಬೇಕು. ಬಿರುಗಾಳಿ, ಹಿಮ, ದುರಸ್ತಿ ಈ ಲೆಕ್ಕದಲ್ಲಿ ಸೇರಿಲ್ಲ. ಗ್ರಂಥಾಲಯದಲ್ಲಿ ಕಳೆದ ಒಂದು ತಿಂಗಳು ನೀರಿನ ಮೇಲಿನ ಹಲವು ವರ್ಷಗಳನ್ನು ಉಳಿಸಬಲ್ಲುದೆಂಬುದು ಈ ಕಾರಣಕ್ಕೆ.

ಎರಡನೆಯ ಉಪಕರಣ ಮ್ಯಾಗ್ನೆಟೋಮೀಟರ್. ಭೂಮಿಯ ಕಾಂತಕ್ಷೇತ್ರದಲ್ಲಿ ಕಬ್ಬಿಣ ಉಂಟುಮಾಡುವ ಏರುಪೇರನ್ನು ಇದು ಅಳೆಯುತ್ತದೆ. ಹೂಳಿನಲ್ಲಿ ಹೂತುಹೋಗಿ ಸೋನಾರಿಗೆ ಕಾಣದ ಫಿರಂಗಿ, ಲಂಗರುಗಳು ಇದಕ್ಕೆ ಸಿಕ್ಕಿಬೀಳುತ್ತವೆ. 1975ರ ನವೆಂಬರ್ 10ರಂದು ಸುಪೀರಿಯರ್ ಸರೋವರದಲ್ಲಿ 29 ಮಂದಿಯೊಂದಿಗೆ ಮುಳುಗಿದ ‘ಎಡ್ಮಂಡ್ ಫಿಟ್ಸ್‌ಜೆರಾಲ್ಡ್’ ಎಂಬ ಅದಿರು ಸಾಗಣೆ ಹಡಗನ್ನು ಅಮೆರಿಕದ ನೌಕಾಪಡೆಯ ವಿಮಾನವು ಇಂತಹ ಕಾಂತಮಾಪಕದ ನೆರವಿನಿಂದಲೇ ನಾಲ್ಕು ದಿನಗಳಲ್ಲಿ ಪತ್ತೆಹಚ್ಚಿತು. ಅದು ಉಕ್ಕಿನ ಬೃಹತ್ ಹಡಗು. ಮುಳುಗಿದ ಜಾಗವೂ ಬಹುಮಟ್ಟಿಗೆ ತಿಳಿದಿತ್ತು. ಮರದ ಗ್ರಿಫನ್‌ನಲ್ಲಿ ಕಬ್ಬಿಣ ಕಡಿಮೆ, ಜಾಗವೂ ತಿಳಿಯದು.

ಹಲವು ಹುಸಿ ಗ್ರಿಫನ್‌ಗಳು

ಗ್ರಿಫನ್ ಸಿಕ್ಕಿತೆಂಬ ಘೋಷಣೆಗಳು ಹತ್ತೊಂಬತ್ತನೆಯ ಶತಮಾನದಿಂದಲೂ ಕೇಳಿಬರುತ್ತಿವೆ. ಹ್ಯೂರಾನ್ ಸರೋವರದ ಮ್ಯಾನಿಟೂಲಿನ್ ದ್ವೀಪದ ಪಶ್ಚಿಮ ತುದಿಯಲ್ಲಿದ್ದ ಅವಶೇಷವನ್ನು ಅನೇಕರು ದೀರ್ಘಕಾಲ ಗ್ರಿಫನ್ ಎಂದೇ ನಂಬಿದ್ದರು. ಅದು ಸಾಬೀತಾಗಲಿಲ್ಲ.

ಸ್ಟೀವ್ ಲಿಬರ್ಟ್ ಎಂಬ ಶೋಧಕ 2001ರಲ್ಲಿ ಮಿಷಿಗನ್ ಸರೋವರದ ಪಾವರ್ಟಿ ದ್ವೀಪದ ಬಳಿ ತಳದಿಂದ ಮೇಲೆದ್ದಿದ್ದ ಮರದ ತೊಲೆಯೊಂದನ್ನು ಕಂಡರು. ಇದು ಹಡಗಿನ ಮೂತಿಯ ಮುಂಚಾಚಿದ ಕಂಬ, ಕೆಳಗೆ ಗ್ರಿಫನ್ ಹೂತಿದೆ ಎಂಬುದು ಅವರ ವಾದ. ಅವಶೇಷ ಯಾರದೆಂಬ ವ್ಯಾಜ್ಯ ಮಿಷಿಗನ್ ರಾಜ್ಯದೊಂದಿಗೆ ವರ್ಷಗಟ್ಟಲೆ ನಡೆಯಿತು. ಹಡಗು ಫ್ರಾನ್ಸಿನದಾದ್ದರಿಂದ ಆ ದೇಶವೂ ಹಕ್ಕು ಮಂಡಿಸಿತು. ಕೊನೆಗೆ 2013ರ ಜೂನ್‌ನಲ್ಲಿ ಫ್ರೆಂಚ್ ಪುರಾತತ್ತ್ವಜ್ಞರ ಸಮ್ಮುಖದಲ್ಲಿ ಉತ್ಖನನ ನಡೆದಾಗ ತೊಲೆಯ ಕೆಳಗೆ ಹಡಗು ಇರಲಿಲ್ಲ. ಸುಮಾರು 6 ಮೀಟರ್ ಉದ್ದದ ತೊಲೆಯಷ್ಟೇ ಕೈಗೆ ಬಂತು. ಅದು ಹಡಗಿನ ಭಾಗವಾಗಿರಬಹುದೆಂದು ಫ್ರೆಂಚ್ ತಜ್ಞರು ಅಭಿಪ್ರಾಯಪಟ್ಟರೆ, ಮೀನುಗಾರರು ಬಲೆ ಕಟ್ಟಲು ಹೂಳುತ್ತಿದ್ದ ಗೂಟವದು ಎಂಬುದು ಇತರರ ವಾದ.

2014ರಲ್ಲಿ ಇನ್ನಿಬ್ಬರು ಮುಳುಗುಗಾರರು ಮತ್ತೊಂದು ಅವಶೇಷವನ್ನು ಗ್ರಿಫನ್ ಎಂದು ಪ್ರಕಟಿಸಿದರು. ರಾಜ್ಯದ ಪುರಾತತ್ತ್ವಜ್ಞರು ಮರುವರ್ಷ ಪರಿಶೀಲಿಸಿದಾಗ ಅದು ಉಗಿಯಂತ್ರದ ಟಗ್ ದೋಣಿಯೆಂದು ತಿಳಿಯಿತು. ಲಾ ಸಾಲ್ ಕಾಲಕ್ಕೆ ಉಗಿಯಂತ್ರವೇ ಇರಲಿಲ್ಲ. ಲಿಬರ್ಟ್ ಅವರು ಆಮೇಲೆ ಪಾವರ್ಟಿ ದ್ವೀಪದ ಸಮೀಪದ ಇನ್ನೊಂದು ಅವಶೇಷವನ್ನು ಗ್ರಿಫನ್ ಎಂದು ವಾದಿಸಿ 2021ರಲ್ಲಿ ಪುಸ್ತಕವನ್ನೂ ಹೊರತಂದರು. ಅದಕ್ಕೂ ವಿದ್ವಾಂಸರ ಸಾರ್ವತ್ರಿಕ ಒಪ್ಪಿಗೆ ದೊರೆತಿಲ್ಲ.

ಗುರುತಿಸುವುದು ಏಕೆ ಕಷ್ಟ?

ಇಂಗಾಲದ ಕಾಲಮಾಪನ ಮಾಡಿದರೆ ತೀರಿತಲ್ಲ ಎಂದು ಓದುಗರಿಗೆ ಅನ್ನಿಸಬಹುದು. ತೊಡಕು ಇಲ್ಲಿಯೇ ಇದೆ. ವಾತಾವರಣದಲ್ಲಿನ ವಿಕಿರಣಶೀಲ ಇಂಗಾಲದ ಪ್ರಮಾಣ ಹದಿನೇಳನೆಯ ಶತಮಾನದ ಮಧ್ಯದಿಂದ ಇಪ್ಪತ್ತನೆಯ ಶತಮಾನದ ಮಧ್ಯದವರೆಗೆ ಏರಿಳಿಯುತ್ತ ಬಂದಿದೆ. ಹೀಗಾಗಿ ಈ ಮುನ್ನೂರು ವರ್ಷಗಳಲ್ಲಿ ಕಡಿದ ಮರಗಳೆಲ್ಲ ಬಹುಮಟ್ಟಿಗೆ ಒಂದೇ ಬಗೆಯ ಫಲಿತಾಂಶ ನೀಡುತ್ತವೆ. 1679ರ ಹಡಗಿನ ತೊಲೆಯನ್ನೂ 1850ರ ಮೀನುಗಾರನ ಗೂಟವನ್ನೂ ಈ ಪರೀಕ್ಷೆ ಖಚಿತವಾಗಿ ಬೇರ್ಪಡಿಸಲಾರದು.

ಮರದ ವಾರ್ಷಿಕ ಉಂಗುರಗಳನ್ನು ಎಣಿಸಿ ಹೋಲಿಸುವ ವಿಧಾನ ಹೆಚ್ಚು ನಿಖರ. ಆದರೆ ಅದಕ್ಕೆ ಸಾಕಷ್ಟು ಉಂಗುರಗಳಿರಬೇಕು. ಅದೇ ಪ್ರದೇಶದ ಅದೇ ಜಾತಿಯ ಮರಗಳ ಹಳೆಯ ದಾಖಲೆಯೂ ಇರಬೇಕು. ಎಳೆಯ ಮರದಿಂದ ಕೆತ್ತಿದ ತೊಲೆಗೆ ಇದು ಉಪಯೋಗಕ್ಕೆ ಬಾರದು.

ಆದುದರಿಂದ ಉಳಿಯುವ ದಾರಿ ಒಂದೇ: ಹಲವು ಸಾಕ್ಷ್ಯಗಳು ಒಟ್ಟಿಗೆ ಸೇರುವುದು. ಹಲಗೆ ಜೋಡಿಸಿದ ರೀತಿ, ಮೊಳೆಗಳ ಬಗೆ, ಫಿರಂಗಿಯ ಅಚ್ಚು, ಪಿಂಗಾಣಿಯ ಚೂರು, ಸರಕಿನ ಗುರುತು ಇವೆಲ್ಲ ಒಂದೇ ಕಾಲದತ್ತ, ಒಂದೇ ಹಡಗಿನತ್ತ ಬೆರಳು ಮಾಡಬೇಕು. ಒಂಟಾರಿಯೊ ನೌಕೆಯ ಗುರುತು ವಿವಾದಕ್ಕೆ ಒಳಗಾಗದಿರಲು ಕಾರಣವೂ ಇದೇ. ಅದರ ಕೂವೆಮರ, ಫಿರಂಗಿ, ಹಿಂಭಾಗದ ಕಿಟಕಿಗಳು ಹಳೆಯ ದಾಖಲೆಗಳ ವಿವರಕ್ಕೆ ಒಂದೊಂದಾಗಿ ಹೊಂದಿಕೊಂಡವು. ಶೋಧಕರು ಅದರಿಂದ ಏನನ್ನೂ ಹೊರತೆಗೆಯಲಿಲ್ಲ. ಅದು ಸತ್ತವರ ಸಮಾಧಿ ಎಂಬ ಗೌರವದಿಂದ ನಿಖರ ಸ್ಥಳವನ್ನೂ ಬಹಿರಂಗಪಡಿಸಲಿಲ್ಲ.

ನೀರು ಇಳಿದಾಗ

ಕೆಲವೊಮ್ಮೆ ಹುಡುಕುವವರಿಲ್ಲದೆಯೂ ಸರೋವರ ತನ್ನ ಒಡಲನ್ನು ತೆರೆಯುತ್ತದೆ. ಇಸ್ರೇಲಿನ ಗಲಿಲಾಯ ಸರೋವರದ ನೀರು ಬರಗಾಲದಿಂದ ಇಳಿದಿದ್ದ 1986ರ ಜನವರಿಯಲ್ಲಿ ಮೀನುಗಾರ ಸೋದರರಿಬ್ಬರಿಗೆ ಕೆಸರಿನಲ್ಲಿ ದೋಣಿಯ ಅಂಚು ಕಂಡಿತು. ಅವರು ಅದನ್ನು ಕೀಳಲಿಲ್ಲ, ಅಧಿಕಾರಿಗಳಿಗೆ ತಿಳಿಸಿದರು. ನೀರು ಮತ್ತೆ ಏರುತ್ತಿದ್ದಂತೆ 11 ದಿನಗಳಲ್ಲಿ ಉತ್ಖನನ ಮುಗಿಸಬೇಕಾಯಿತು. ಸುಮಾರು 8 ಮೀಟರ್ ಉದ್ದದ ಆ ದೋಣಿ ಎರಡು ಸಾವಿರ ವರ್ಷ ಹಿಂದಿನದು. ನೀರು ಕುಡಿದ ಹಳೆಯ ಮರ ಗಾಳಿಗೆ ಒಣಗಿದರೆ ಮುದುಡಿ ಪುಡಿಯಾಗುವುದರಿಂದ ಅದನ್ನು ವರ್ಷಗಟ್ಟಲೆ ಮೇಣದಂತಹ ರಾಸಾಯನಿಕದ ತೊಟ್ಟಿಯಲ್ಲಿ ಇಡಲಾಯಿತು. ಈಗ ಅದು ಸಂಗ್ರಹಾಲಯದಲ್ಲಿದೆ.

ಇಟಲಿಯ ನೇಮಿ ಸರೋವರದ ಕಥೆ ಇನ್ನೊಂದು ಬಗೆಯದು. ರೋಮನ್ ಚಕ್ರವರ್ತಿ ಕಲಿಗುಲನ ಎರಡು ಬೃಹತ್ ನಾವೆಗಳನ್ನು ಹೊರತೆಗೆಯಲು 1928ರಿಂದ ಪಂಪುಗಳ ಮೂಲಕ ಸರೋವರದ ನೀರನ್ನೇ ಇಳಿಸಲಾಯಿತು. ಸುಮಾರು 70 ಮೀಟರ್ ಉದ್ದದ ಆ ನಾವೆಗಳಿಗಾಗಿ ದಡದಲ್ಲಿ ಸಂಗ್ರಹಾಲಯ ಎದ್ದಿತು. 1944ರ ಮೇ 31ರ ರಾತ್ರಿ, ಯುದ್ಧದ ನಡುವೆ, ಎರಡೂ ಸುಟ್ಟು ಬೂದಿಯಾದವು. ನೀರಿನಲ್ಲಿ ಹತ್ತೊಂಬತ್ತು ಶತಮಾನ ಉಳಿದದ್ದು ನೆಲದ ಮೇಲೆ ಹದಿನೈದು ವರ್ಷವೂ ಉಳಿಯಲಿಲ್ಲ. ಅವಶೇಷವನ್ನು ಇದ್ದಲ್ಲಿಯೇ ಕಾಪಾಡುವುದು ಮೊದಲ ಆಯ್ಕೆಯಾಗಬೇಕೆಂದು ಯುನೆಸ್ಕೊದ 2001ರ ಜಲಾಂತರ್ಗತ ಸಾಂಸ್ಕೃತಿಕ ಪರಂಪರೆಯ ಒಪ್ಪಂದ ಹೇಳುವುದರ ಹಿಂದೆ ಇಂತಹ ಅನುಭವಗಳಿವೆ.

ಭಾರತದಲ್ಲಿ

ನಮ್ಮ ದೇಶದಲ್ಲಿ ನೀರೊಳಗಿನ ಪುರಾತತ್ತ್ವಕ್ಕೆ ಅಡಿಪಾಯ ಹಾಕಿದವರು ಕನ್ನಡಿಗರಾದ ಡಾ. ಎಸ್.ಆರ್. ರಾವ್ (ಶಿಕಾರಿಪುರ ರಂಗನಾಥ ರಾವ್). ಲೋಥಲ್ ಉತ್ಖನನದಿಂದ ಹೆಸರಾಗಿದ್ದ ಅವರು 1980ರ ದಶಕದಲ್ಲಿ ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ಮೂಲಕ ದ್ವಾರಕೆಯ ಸಮುದ್ರದಲ್ಲಿ ಶೋಧ ನಡೆಸಿದರು. ಅದೇ ಸಂಸ್ಥೆ ಮುಂದೆ ಗೋವಾ ಕರಾವಳಿಯ ಸುಂಚಿ ಬಂಡೆಸಾಲಿನ ಬಳಿ ಪೋರ್ಚುಗೀಸರ ಕಾಲದ ಹಡಗಿನ ಅವಶೇಷಗಳನ್ನು ಅಧ್ಯಯನ ಮಾಡಿತು. ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯಲ್ಲಿ 2001ರಲ್ಲಿ ಇದಕ್ಕೆಂದೇ ಪ್ರತ್ಯೇಕ ವಿಭಾಗ ಆರಂಭವಾಯಿತು. ಕೇರಳದ ಚೇರ್ತಲ ಬಳಿಯ ತೈಕ್ಕಲ್‌ನಲ್ಲಿ ಮಣ್ಣಿನಡಿ ಹೂತಿದ್ದ ಮಧ್ಯಯುಗದ ದೊಡ್ಡ ನಾವೆಯ ಉತ್ಖನನ ನಡೆದದ್ದು 2002–03ರಲ್ಲಿ.

ಕರ್ನಾಟಕದ ಜನ ಹಡಗಿನ ಶೋಧವೊಂದನ್ನು ಉಸಿರು ಬಿಗಿಹಿಡಿದು ಕಾದದ್ದು ಈಚಿನ ಪ್ರಕರಣದಲ್ಲಿ. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಏಳು ಮೀನುಗಾರರೊಂದಿಗೆ ಹೊರಟ ‘ಸುವರ್ಣ ತ್ರಿಭುಜ’ ದೋಣಿ ಎರಡು ಮೂರು ದಿನಗಳಲ್ಲಿ ಸಂಪರ್ಕ ಕಳೆದುಕೊಂಡಿತು. ನೌಕಾಪಡೆಯ ‘ನಿರೀಕ್ಷಕ್’ ಹಡಗು 2019ರ ಮೇ ತಿಂಗಳ ಆರಂಭದಲ್ಲಿ ಮಹಾರಾಷ್ಟ್ರದ ಮಾಲ್ವಣ ಕರಾವಳಿಯಿಂದ ಸುಮಾರು 33 ಕಿ.ಮೀ. ದೂರದಲ್ಲಿ, 60 ಮೀಟರಿಗೂ ಹೆಚ್ಚು ಆಳದಲ್ಲಿ ಸೋನಾರ್ ಮೂಲಕ ಅದರ ಅವಶೇಷವನ್ನು ಗುರುತಿಸಿತು. ಮುಳುಗುಗಾರರು ಇಳಿದು ಖಚಿತಪಡಿಸಿದರು. ಏಳು ಮಂದಿ ಮರಳಲಿಲ್ಲ.

ಇದು ಸಮುದ್ರದ ಪ್ರಕರಣ, ಪ್ರಾಚೀನವೂ ಅಲ್ಲ. ಆದರೂ ಗುರುತಿಸುವಿಕೆ ಏಕೆ ಮುಖ್ಯವೆಂಬುದನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಉದಾಹರಣೆ ಇಲ್ಲ. ಏಳು ವರ್ಷ ಸುದ್ದಿಯಿಲ್ಲದವರನ್ನು ಮಾತ್ರ ನಮ್ಮ ಕಾನೂನು ಸತ್ತವರೆಂದು ಭಾವಿಸುತ್ತದೆ. ಅಲ್ಲಿಯವರೆಗೆ ಮನೆಯವರು ಬಾಗಿಲು ನೋಡುತ್ತಲೇ ಇರಬೇಕು. ತಳದಲ್ಲಿರುವುದು ಯಾವುದೋ ದೋಣಿಯಲ್ಲ, ಅದೇ ದೋಣಿ ಎಂಬ ಖಾತ್ರಿಯೇ ಆ ಕಾಯುವಿಕೆಗೆ ಕೊನೆ ಹೇಳಬಲ್ಲದು.

ಕೃಷ್ಣೆಯ ಒಡಲಲ್ಲಿ

ಮತ್ತೆ ಬಸವಸಾಗರಕ್ಕೆ ಬರೋಣ. ಗ್ರಿಫನ್‌ನಂತಹ ಹಡಗು ಕೃಷ್ಣೆಯ ಈ ಭಾಗದಲ್ಲಿ ಸಿಗುವ ಸಂಭವವಿಲ್ಲ. ಬಂಡೆ, ಮಡು, ಸೆಳವುಗಳಿಂದ ಕೂಡಿದ ಈ ನದಿಯಲ್ಲಿ ಜನರನ್ನು ದಾಟಿಸಿದ್ದು ಹರಿಗೋಲು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ತುಂಗಭದ್ರೆಯಲ್ಲಿ ಕಂಡ ಬುಟ್ಟಿಯಾಕಾರದ, ಹೊರಗೆ ಚರ್ಮ ಹೊದಿಸಿದ, ಹದಿನೈದಿಪ್ಪತ್ತು ಜನ ಹಿಡಿಸುವ ದೋಣಿಗಳನ್ನು ವರ್ಣಿಸಿದ್ದಾನೆ. ಬಿದಿರು ಮತ್ತು ತೊಗಲಿನ ಈ ನಾವೆಗೆ ಕೂವೆಮರವಿಲ್ಲ, ಕಬ್ಬಿಣವಿಲ್ಲ, ಹೆಸರಿಲ್ಲ. ಮಗುಚಿದರೆ ತೊಗಲು ಕೊಳೆಯುತ್ತದೆ, ಬಿದಿರು ತೇಲಿಹೋಗುತ್ತದೆ. ಸೋನಾರಿಗೂ ಕಾಂತಮಾಪಕಕ್ಕೂ ಸಿಗುವಂತಹದ್ದೇನೂ ಉಳಿಯುವುದಿಲ್ಲ. ಶತಮಾನಗಳ ಕಾಲ ಎರಡು ದಡಗಳನ್ನು ಬೆಸೆದ ದೋಣಿ ಹೀಗೆ ಕುರುಹಿಲ್ಲದೆ ಹೋಗುತ್ತದೆ. ಅದರ ಶೋಧವನ್ನು ನಡೆಸಬೇಕಾದದ್ದು ನೀರಿನಲ್ಲಿ ಅಲ್ಲ. ಹರಿಗೋಲು ಹೆಣೆಯಬಲ್ಲವರ, ಹುಟ್ಟುಹಾಕಿದವರ ನೆನಪಿನಲ್ಲಿ.

ಆದರೆ ಜಲಾಶಯಗಳ ತಳದಲ್ಲಿ ಹಡಗಲ್ಲದ ಇತರ ಅವಶೇಷಗಳಿಗೆ ಕೊರತೆಯಿಲ್ಲ. ನಾಗಾರ್ಜುನಸಾಗರದಲ್ಲಿ ಮುಳುಗಲಿದ್ದ ನಾಗಾರ್ಜುನಕೊಂಡದ ಕಣಿವೆಯನ್ನು 1954ರಿಂದ 1960ರವರೆಗೆ ವಿಸ್ತಾರವಾಗಿ ಉತ್ಖನನ ಮಾಡಿ, ಮುಖ್ಯ ಸ್ಮಾರಕಗಳನ್ನು ಎತ್ತರದ ಜಾಗಕ್ಕೆ ಸಾಗಿಸಲಾಯಿತು. ಬಸವಸಾಗರದ ಹಿನ್ನೀರು ಮುಟ್ಟುವ ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಸ್ಥಳದ ಸುತ್ತ ಬಾವಿಯಂತೆ ಗೋಡೆ ಕಟ್ಟಿ ನೀರನ್ನು ತಡೆಹಿಡಿಯಲಾಗಿದೆ. ಇವು ಮುಂಚೆಯೇ ಗುರುತಿಸಿದ್ದರಿಂದ ಉಳಿದವು. ಗುರುತಿಸದೆ ಬಿಟ್ಟ ಊರಗುಡಿ, ವೀರಗಲ್ಲು, ಶಾಸನಗಳು ಮುಳುಗಿದ ಮೇಲೆ ಅವುಗಳನ್ನು ಕೇಳುವವರು ಯಾರು?

ಬೇಸಿಗೆಯಲ್ಲಿ ಜಲಾಶಯ ಬತ್ತಿದಾಗ ಕೆಸರಿನಿಂದ ಕಲ್ಲು, ಮೂರ್ತಿ, ಮರದ ತುಂಡು ಮೇಲೇಳುವುದುಂಟು. ಆಗ ಗಲಿಲಾಯದ ಸೋದರರು ಮಾಡಿದ್ದನ್ನೇ ಮಾಡುವುದು ಉಚಿತ. ವಸ್ತುವನ್ನು ಕೀಳಬಾರದು, ತೊಳೆಯಬಾರದು, ಮನೆಗೆ ಒಯ್ಯಬಾರದು. ಇದ್ದ ಸ್ಥಿತಿಯಲ್ಲಿ ಛಾಯಾಚಿತ್ರ ತೆಗೆದು, ಜಾಗ ಮತ್ತು ದಿನಾಂಕವನ್ನು ಬರೆದಿಟ್ಟುಕೊಂಡು, ತಹಶೀಲ್ದಾರ್ ಅಥವಾ ಜಿಲ್ಲಾಧಿಕಾರಿ ಕಚೇರಿಗೆ ಇಲ್ಲವೇ ರಾಜ್ಯ ಪುರಾತತ್ತ್ವ ಇಲಾಖೆಗೆ ತಿಳಿಸಬೇಕು. ಮರದ ವಸ್ತುವಾದರೆ ಬಿಸಿಲಿಗೆ ಒಣಗದಂತೆ ಒದ್ದೆ ಮಣ್ಣು ಮುಚ್ಚುವುದು ಒಳಿತು. ನೂರು ವರ್ಷಕ್ಕೂ ಹಳೆಯ ಕಲಾವಸ್ತುಗಳು 1972ರ ಪ್ರಾಚ್ಯವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಕಾನೂನಿಗಿಂತ ಮುಖ್ಯವಾದ ಕಾರಣ ಇನ್ನೊಂದಿದೆ. ಇದ್ದ ಜಾಗದಿಂದ ಕಿತ್ತ ವಸ್ತು ತನ್ನ ಅರ್ಧ ಸಾಕ್ಷ್ಯವನ್ನು ಅಲ್ಲಿಯೇ ಬಿಟ್ಟುಬರುತ್ತದೆ.

ಗ್ರಿಫನ್ ಇನ್ನೂ ಸಿಕ್ಕಿಲ್ಲ. ಮೂರೂವರೆ ಶತಮಾನಗಳ ಹಿಂದಿನ ಆ ಹಡಗನ್ನು ಇಂದಿಗೂ ಹುಡುಕಲು ಸಾಧ್ಯವಾಗಿರುವುದು ಅದು ಹೊರಟ ದಿನ, ಹೊತ್ತ ಸರಕು, ಹತ್ತಿದ ಜನ ಇವುಗಳನ್ನು ಯಾರೋ ಬರೆದಿಟ್ಟಿದ್ದರಿಂದ. ಬಸವಸಾಗರದಲ್ಲಿ ಯಾವ ಊರು, ಯಾವ ಗುಡಿ, ಯಾವ ದೋಣಿಗಟ್ಟೆ ಎಲ್ಲಿದ್ದವೆಂದು ಕಣ್ಣಾರೆ ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರು ಹೇಳುವುದನ್ನು ಬರೆದಿಡುವ ಕೆಲಸಕ್ಕೆ ಸೋನಾರ್ ಬೇಕಿಲ್ಲ.